ನೆಲದ ಮೇಲೆ ಸಮರ ಹೂಡಿದ ಎಚ್‌.ಜಿ. ವೆಲ್ಸ್

ಬೆರಳುದ್ದದ ಸೈನಿಕರನ್ನು ಮೇಜಿನ ಮೇಲೆ ನಿಲ್ಲಿಸಿ, ಅಳತೆಪಟ್ಟಿ ಹಿಡಿದು ನಿಯಮಬದ್ಧವಾಗಿ ಯುದ್ಧವಾಡುವ ಹವ್ಯಾಸ ಇಂದು ಹಲವು ದೇಶಗಳಲ್ಲಿ ಬೇರೂರಿದೆ. ಅಂಗಡಿಯಿಂದ ತಂದ ಪ್ಲಾಸ್ಟಿಕ್ ಕಿಟ್‌ಗಳ ಬಿಡಿಭಾಗಗಳನ್ನು ಕತ್ತರಿಸಿ, ಒಂದರ ತಲೆಯನ್ನು ಮತ್ತೊಂದರ ಮುಂಡಕ್ಕೆ ಅಂಟಿಸಿ, ಬಣ್ಣ ಬಳಿದು, ಯಾವ ಕಂಪನಿಯೂ ಮಾರದ ಅನ್ಯಗ್ರಹದ ಯೋಧನನ್ನೋ ವಾಹನವನ್ನೋ ರೂಪಿಸುವುದು ಈ ಹವ್ಯಾಸದ ಮುಖ್ಯ ಅಂಗ. ‘ಕಿಟ್‌ಬ್ಯಾಷಿಂಗ್’ ಎಂದು ಇದಕ್ಕೆ ಹೆಸರು. ಈ ಆಟದ ಮೂಲವನ್ನು ಹುಡುಕುತ್ತ ಹೊರಟವರು ಬಹುಪಾಲು ಬಂದು ನಿಲ್ಲುವುದು ಒಬ್ಬ ಕಾದಂಬರಿಕಾರನ ಮನೆಯ ನೆಲದ ಮೇಲೆ.

ಆ ಕಾದಂಬರಿಕಾರ ಹರ್ಬರ್ಟ್ ಜಾರ್ಜ್ ವೆಲ್ಸ್. ಕಾಲಯಂತ್ರವನ್ನೂ ಅದೃಶ್ಯ ಮನುಷ್ಯನನ್ನೂ ಮಂಗಳ ಗ್ರಹದ ದಾಳಿಕೋರರನ್ನೂ ಓದುಗರ ಮುಂದಿಟ್ಟ ವೆಲ್ಸ್, 1913ರಲ್ಲಿ ಆಟಿಕೆ ಸೈನಿಕರ ಯುದ್ಧಕ್ಕೆ ನಿಯಮಗಳನ್ನು ಬರೆದು ‘ಲಿಟಲ್ ವಾರ್ಸ್’ ಎಂಬ ಪುಟ್ಟ ಪುಸ್ತಕವನ್ನು ಪ್ರಕಟಿಸಿದರು. ನೆಲದ ಮೇಲೆ ಯುದ್ಧವಾಡಿ ದಣಿದವರು ನಿಜವಾದ ಯುದ್ಧದ ಹುಚ್ಚಿನಿಂದ ಬಿಡುಗಡೆ ಪಡೆಯಬಲ್ಲರು ಎಂಬ ಆಸೆ ಅದರ ಕೊನೆಯ ಪುಟಗಳಲ್ಲಿತ್ತು. ಪುಸ್ತಕ ಬಂದ ಮರುವರ್ಷವೇ ಮೊದಲ ಮಹಾಯುದ್ಧ ಆರಂಭವಾಯಿತು. ವೆಲ್ಸ್ ಆ ಯುದ್ಧದ ಪರವಾಗಿಯೇ ಲೇಖನಿ ಹಿಡಿದರು.

ಜವಳಿ ಅಂಗಡಿಯ ಹುಡುಗ

ವೆಲ್ಸ್ ಹುಟ್ಟಿದ್ದು 1866ರ ಸೆಪ್ಟೆಂಬರ್ 21ರಂದು, ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಬ್ರೊಮ್ಲಿ ಪಟ್ಟಣದಲ್ಲಿ. ತಂದೆ ಜೋಸೆಫ್ ಪಿಂಗಾಣಿ ಪಾತ್ರೆ ಮತ್ತು ಕ್ರಿಕೆಟ್ ಸಾಮಗ್ರಿ ಮಾರುತ್ತಿದ್ದ ಸಣ್ಣ ಅಂಗಡಿಯ ಮಾಲೀಕರು. ಸ್ವತಃ ವೃತ್ತಿಪರ ಬೌಲರ್ ಆಗಿದ್ದ ಅವರು 1862ರಲ್ಲಿ ಕೆಂಟ್ ತಂಡದ ಪರವಾಗಿ ಆಡಿ ನಾಲ್ಕು ಸತತ ಎಸೆತಗಳಲ್ಲಿ ನಾಲ್ಕು ವಿಕೆಟ್ ಉರುಳಿಸಿದ್ದರು. ಆದರೆ ಅಂಗಡಿಯ ವ್ಯಾಪಾರ ಮನೆಯ ಖರ್ಚಿಗೆ ಸಾಲುತ್ತಿರಲಿಲ್ಲ.

1874ರಲ್ಲಿ ಬಾಲಕ ವೆಲ್ಸ್ ಕಾಲು ಮುರಿದುಕೊಂಡು ಹಾಸಿಗೆ ಹಿಡಿದಾಗ, ತಂದೆ ಗ್ರಂಥಾಲಯದಿಂದ ತಂದುಕೊಟ್ಟ ಪುಸ್ತಕಗಳು ಓದಿನ ರುಚಿ ಹತ್ತಿಸಿದವು. ಓದಿದ್ದೆಲ್ಲ ತಲೆಯಲ್ಲಿ ಯುದ್ಧವಾಗಿ ಮಾರ್ಪಡುತ್ತಿತ್ತು. ಬ್ರೊಮ್ಲಿಯ ಸುತ್ತಲಿನ ಬಯಲು ದಿಬ್ಬಗಳಲ್ಲಿ ಒಬ್ಬನೇ ನಡೆಯುವಾಗ ಕಾಣದ ಸೇನೆಗಳನ್ನು ಮುನ್ನಡೆಸುತ್ತ, ಇಲ್ಲದ ಶತ್ರುಗಳನ್ನು ಸುತ್ತುವರಿಯುತ್ತ ಸಾಗುತ್ತಿದ್ದುದನ್ನು ಅವರು 1934ರ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಯುರೋಪಿನಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ ಮರುವರ್ಷ ಅದನ್ನು ಬರೆಯುತ್ತಿದ್ದ ವೆಲ್ಸ್, ತಮ್ಮ ಹದಿಹರೆಯದ ಆ ಕಲ್ಪನೆಗಳಿಗೂ ಹಿಟ್ಲರನ ಮನಸ್ಸಿಗೂ ಇದ್ದ ಹೋಲಿಕೆಯನ್ನು ಮುಚ್ಚಿಡಲಿಲ್ಲ.

ತಂದೆ ತೊಡೆಯ ಮೂಳೆ ಮುರಿದುಕೊಂಡ ಮೇಲೆ ಮನೆಯ ಆದಾಯ ಇನ್ನಷ್ಟು ಕುಸಿಯಿತು. ತಾಯಿ ಸಾರಾ 1880ರಲ್ಲಿ ಅಪ್‌ಪಾರ್ಕ್ ಎಂಬ ಶ್ರೀಮಂತ ಬಂಗಲೆಗೆ ಮನೆವಾರ್ತೆ ನೋಡಿಕೊಳ್ಳುವ ಕೆಲಸಕ್ಕೆ ಸೇರಿದರು. ಹದಿನೆಂಟನೇ ಶತಮಾನದ ದೊಡ್ಡ ಬೊಂಬೆಮನೆಯೊಂದು ಆ ಬಂಗಲೆಯಲ್ಲಿತ್ತು. ಅಂಥದೇ ಒಂದು ಬೊಂಬೆಮನೆ ವೆಲ್ಸ್ ಅವರ 1909ರ ಕಾದಂಬರಿ ‘ಟೋನೊ ಬಂಗೆ’ಯಲ್ಲಿ ಕಾಣಿಸಿಕೊಂಡಿದೆ.

ಮಗನನ್ನು ಜವಳಿ ಅಂಗಡಿಯಲ್ಲಿ ಕೆಲಸ ಕಲಿಯಲು ಸೇರಿಸಲಾಯಿತು. ಸೌತ್‌ಸೀ ಪಟ್ಟಣದ ಅಂಗಡಿಯಲ್ಲಿ 1881ರಿಂದ ಸುಮಾರು ಎರಡು ವರ್ಷ, ದಿನವಿಡೀ ನಿಂತು ಬಟ್ಟೆ ಮಡಿಸುವ ದುಡಿಮೆ. ಅದನ್ನು ಸಹಿಸಲಾರದೆ ಬಿಟ್ಟುಬಂದ ವೆಲ್ಸ್, ಶಾಲೆಯೊಂದರಲ್ಲಿ ಸಹಾಯಕ ಶಿಕ್ಷಕರಾಗಿ ದುಡಿಯುತ್ತಲೇ ಓದಿ, 1884ರಲ್ಲಿ ವಿದ್ಯಾರ್ಥಿವೇತನ ಗಳಿಸಿ ಲಂಡನ್ನಿನ ನಾರ್ಮಲ್ ಸ್ಕೂಲ್ ಆಫ್ ಸೈನ್ಸ್ ಸೇರಿದರು. ಅಲ್ಲಿ ಜೀವಶಾಸ್ತ್ರ ಕಲಿಸಿದವರು ಡಾರ್ವಿನ್ನನ ಸಮರ್ಥಕ ಟಿ.ಎಚ್. ಹಕ್ಸ್ಲೆ. ಮನುಷ್ಯನೂ ವಿಕಾಸದ ಹಾದಿಯಲ್ಲಿ ಬಂದ ಒಂದು ಜೀವಿ, ಅವನ ಸ್ಥಾನ ಶಾಶ್ವತವೆಂದು ಯಾರೂ ಬರೆದುಕೊಟ್ಟಿಲ್ಲ ಎಂಬ ಅರಿವು ಆ ತರಗತಿಯಿಂದಲೇ ಅವರ ಕಥೆಗಳಿಗೆ ಇಳಿದುಬಂತು.

ಮಂಗಳದ ಮುಕ್ಕಾಲಿ ಯಂತ್ರಗಳು

1895ರಲ್ಲಿ ‘ದಿ ಟೈಮ್ ಮೆಷಿನ್’ ಪ್ರಕಟವಾದಾಗ ವೆಲ್ಸ್ ಅವರಿಗೆ ಇನ್ನೂ 29 ತುಂಬಿರಲಿಲ್ಲ. ಆ ಬಳಿಕ ವರ್ಷಕ್ಕೊಂದರಂತೆ ಕಾದಂಬರಿಗಳು ಬಂದವು. 1898ರ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ ಅವುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು. ಆಗ ವೋಕಿಂಗ್ ಪಟ್ಟಣದಲ್ಲಿ ನೆಲೆಸಿದ್ದ ಲೇಖಕರು ಸೈಕಲ್ ಏರಿ ಸುತ್ತಾಡುತ್ತ, ಮಂಗಳದವರ ಮೂರು ಕಾಲಿನ ಯಂತ್ರಗಳು ಯಾವ ಬೀದಿಯನ್ನು ಸುಡಬೇಕು, ಯಾವ ಮನೆಯನ್ನು ಕೆಡವಬೇಕು ಎಂದು ಗುರುತಿಸಿಕೊಳ್ಳುತ್ತಿದ್ದರು. ನಿಜವಾದ ಊರನ್ನೇ ಆಟದ ಹಾಸನ್ನಾಗಿ ಮಾಡಿಕೊಂಡ ಕಾದಂಬರಿ ಅದು.

1903ರ ‘ದಿ ಲ್ಯಾಂಡ್ ಐರನ್‌ಕ್ಲಾಡ್ಸ್’ ಕಥೆಯಲ್ಲಿ ಉಕ್ಕಿನ ಕವಚ ತೊಟ್ಟ ಬೃಹತ್ ವಾಹನಗಳು ಕಂದಕಗಳನ್ನು ದಾಟಿ ಶತ್ರುಸೇನೆಯನ್ನು ಧೂಳೀಪಟ ಮಾಡುತ್ತವೆ. ರಣರಂಗಕ್ಕೆ ಟ್ಯಾಂಕ್ ಇಳಿದದ್ದು ಅದಾದ 13 ವರ್ಷಗಳ ನಂತರ, 1916ರಲ್ಲಿ. 1908ರ ‘ದಿ ವಾರ್ ಇನ್ ದಿ ಏರ್’ ಕೃತಿಯಲ್ಲಿ ನಗರಗಳು ಆಕಾಶದಿಂದ ಬೀಳುವ ಬಾಂಬುಗಳಿಗೆ ಉರಿದುಹೋಗುತ್ತವೆ. ಮುಂದಿನ ಯುದ್ಧದ ಸ್ವರೂಪವನ್ನು ಇಷ್ಟು ಬಿಡಿಸಿ ಕಂಡ ಲೇಖಕರು ಆ ಕಾಲದಲ್ಲಿ ವಿರಳ.

ಊಟದ ನಂತರ ಸಿಡಿದ ಗುಂಡು

ಈ ವೇಳೆಗೆ ವೆಲ್ಸ್ ಸಮುದ್ರತೀರದ ಸ್ಯಾಂಡ್‌ಗೇಟ್‌ನಲ್ಲಿ ವಾಸ್ತುಶಿಲ್ಪಿ ವಾಯ್ಸಿ ಅವರಿಂದ ‘ಸ್ಪೇಡ್ ಹೌಸ್’ ಎಂಬ ಮನೆ ಕಟ್ಟಿಸಿಕೊಂಡಿದ್ದರು. ಪತ್ನಿ ಏಮಿ ಕ್ಯಾಥರೀನ್‌ರನ್ನು ಅವರು ಕರೆಯುತ್ತಿದ್ದುದು ಜೇನ್ ಎಂದು. 1901ರಲ್ಲಿ ಜಾರ್ಜ್ ಫಿಲಿಪ್, 1903ರಲ್ಲಿ ಫ್ರಾಂಕ್ ಹುಟ್ಟಿದರು. ಮಕ್ಕಳ ಕೋಣೆಯಲ್ಲಿ ಸೀಸದ ಸೈನಿಕರು ತುಂಬಿಕೊಂಡರು.

ಅದಕ್ಕೆ ಕಾಲವೂ ಅನುಕೂಲವಾಗಿತ್ತು. ಲಂಡನ್ನಿನ ಬ್ರಿಟನ್ಸ್ ಕಂಪನಿ 1893ರಲ್ಲಿ ಒಳಗೆ ಟೊಳ್ಳಾಗಿರುವ ಸೀಸದ ಸೈನಿಕರನ್ನು ಎರಕ ಹೊಯ್ಯುವ ವಿಧಾನವನ್ನು ಮಾರುಕಟ್ಟೆಗೆ ತಂದಿತ್ತು. ಲೋಹ ಕಡಿಮೆ ಬಳಕೆಯಾಗಿ ಬೆಲೆ ಇಳಿಯಿತು. ಜರ್ಮನಿಯ ಆಮದು ಆಟಿಕೆಗಳಿಗೆ ಅಗ್ಗದ ಎದುರಾಳಿ ಹುಟ್ಟಿತು. ಸುಮಾರು 54 ಮಿಲಿಮೀಟರ್ ಎತ್ತರದ ಈ ಸೈನಿಕರು ಎಲ್ಲವೂ ಒಂದೇ ಅಳತೆಯವಾದ್ದರಿಂದ ಬೇರೆಬೇರೆ ಪೆಟ್ಟಿಗೆಗಳನ್ನು ಕೂಡಿಸಿ ದೊಡ್ಡ ಸೇನೆ ಕಟ್ಟಲು ಅಡ್ಡಿಯಿರಲಿಲ್ಲ.

ಅದೇ ಕಂಪನಿಯ ಸ್ಪ್ರಿಂಗ್ ಫಿರಂಗಿ ಸುಮಾರು ಒಂದು ಅಂಗುಲ ಉದ್ದದ ಮರದ ಗುಂಡನ್ನು ಗುರಿಯಿಟ್ಟು ಹಾರಿಸಬಲ್ಲದಾಗಿತ್ತು. ಒಂದು ದಿನ ಮಧ್ಯಾಹ್ನದ ಊಟ ಮುಗಿಸಿದ ಅತಿಥಿಯೊಬ್ಬರು ಆ ಫಿರಂಗಿಯನ್ನು ಕೈಗೆತ್ತಿಕೊಂಡು ಸೈನಿಕನೊಬ್ಬನನ್ನು ಉರುಳಿಸಿ, ಅದೇ ರೀತಿ ಹೊಡೆದು ತೋರಿಸುವಂತೆ ಉಳಿದವರಿಗೆ ಸವಾಲು ಹಾಕಿದರು. ಪುಸ್ತಕದಲ್ಲಿ ಹೆಸರಿನ ಮೊದಲಕ್ಷರಗಳಷ್ಟೇ ಇರುವ ಈ ಅತಿಥಿ ಹಾಸ್ಯಲೇಖಕ ಜೆರೋಮ್ ಕೆ. ಜೆರೋಮ್ ಎಂಬುದು ಸಾಮಾನ್ಯ ಅಭಿಪ್ರಾಯ. ಆ ಸವಾಲಿನಿಂದ ಆಟ ಮೊಳೆಯಿತು. ವಿಶ್ವಕೋಶದ ದಪ್ಪ ಸಂಪುಟಗಳು ಜಮಖಾನೆಯ ಮೇಲೆ ಮನೆಗಳೂ ದಿಬ್ಬಗಳೂ ಆದವು.

ಆಟಿಕೆ ಸೈನಿಕರಿಂದ ಯುದ್ಧ ಆಡಿದವರಲ್ಲಿ ವೆಲ್ಸ್ ಮೊದಲಿಗರಲ್ಲ. ಪ್ರಷ್ಯಾದ ಸೇನಾಧಿಕಾರಿಗಳು ಹತ್ತೊಂಬತ್ತನೇ ಶತಮಾನದ ಆರಂಭದಿಂದಲೂ ‘ಕ್ರೀಗ್‌ಸ್ಪೀಲ್’ ಎಂಬ ನಕಾಶೆಯ ಯುದ್ಧಾಭ್ಯಾಸ ನಡೆಸುತ್ತಿದ್ದರು. ಕಾದಂಬರಿಕಾರ ರಾಬರ್ಟ್ ಲೂಯಿ ಸ್ಟೀವನ್‌ಸನ್ 1880ರ ದಶಕದ ಆರಂಭದಲ್ಲಿ ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿ ಮಲಮಗನೊಂದಿಗೆ ಇಂಥದೇ ಆಟ ಆಡಿದ್ದರು. ಆದರೆ ಸಾಮಾನ್ಯ ಮನೆಯ ಮಕ್ಕಳೂ ಹಿರಿಯರೂ ಅಂಗಡಿಯಲ್ಲಿ ಸಿಗುವ ಆಟಿಕೆಗಳಿಂದಲೇ ಆಡಬಹುದಾದ ಸರಳ ನಿಯಮಗಳನ್ನು ಅಚ್ಚುಹಾಕಿಸಿ ಎಲ್ಲರ ಕೈಗಿಟ್ಟ ಕೀರ್ತಿ ವೆಲ್ಸ್ ಅವರದು.

ಇದ್ದುದರಲ್ಲೇ ಲೋಕ ಕಟ್ಟುವ ಕಲೆ

ಇದಕ್ಕೂ ಮೊದಲು, 1911ರಲ್ಲಿ, ವೆಲ್ಸ್ ‘ಫ್ಲೋರ್ ಗೇಮ್ಸ್’ ಎಂಬ ಪುಸ್ತಕವನ್ನು ಪ್ರಕಟಿಸಿದ್ದರು. ತಾವೂ ಇಬ್ಬರು ಮಕ್ಕಳೂ ನೆಲದ ಮೇಲೆ ದ್ವೀಪಗಳನ್ನೂ ನಗರಗಳನ್ನೂ ಕಟ್ಟಿ ಆಡಿದ ಆಟಗಳ ವಿವರ ಅದರಲ್ಲಿದೆ. ಒಂದು ಆಟದಲ್ಲಿ ನೆಲವೇ ಕಡಲು, ಅದರ ಮೇಲೆ ಹರಡಿದ ಹಲಗೆಗಳೇ ದ್ವೀಪಗಳು. ಇನ್ನೊಂದರಲ್ಲಿ ಅಕ್ಕಪಕ್ಕದ ಎರಡು ನಗರಗಳು, ಅವಕ್ಕೆ ಮಕ್ಕಳೇ ಪುರಪಿತೃಗಳು. ತೋಟದಿಂದ ತಂದ ಕಡ್ಡಿಗಳು ಮರಗಳಾಗುತ್ತಿದ್ದವು.

ಅಂದಿನ ಆಟಿಕೆ ಅಂಗಡಿಗಳ ಮೇಲೆ ವೆಲ್ಸ್ ಅವರಿಗೊಂದು ತಕರಾರಿತ್ತು. ಎಲ್ಲಿ ನೋಡಿದರೂ ಸೈನಿಕರೇ ಸಿಗುತ್ತಿದ್ದರು; ಕಟುಕ, ಬೇಕರಿಯವ, ವ್ಯಾಪಾರಿ, ನ್ಯಾಯಾಧೀಶ, ವಕೀಲ ಮೊದಲಾದ ಸಾಮಾನ್ಯ ನಾಗರಿಕರು ಸಿಗುತ್ತಿರಲಿಲ್ಲ. ಜರ್ಮನಿಯ ಹೆಸ್ಸೆ ಡಾರ್ಮ್‌ಸ್ಟಾಟ್‌ನಲ್ಲಿ ಕೊಂಡ ಸೈನಿಕರನ್ನು ಪೊಲೀಸರೆಂದು ನಂಬಿಸಿ ತಮ್ಮ ನಗರದಲ್ಲಿ ನಿಲ್ಲಿಸಿದ್ದರು. ಪೆಟ್ಟಿಗೆಯ ಮೇಲೆ ತಯಾರಕ ಬರೆದದ್ದೇ ಕೊನೆಯ ಮಾತೆಂದು ಒಪ್ಪದೆ, ಕೈಗೆ ಸಿಕ್ಕಿದ ಆಕೃತಿಗೆ ಬೇರೆಯದೇ ಬದುಕು ಕೊಡುವ ಈ ರೀತಿಯಲ್ಲಿ ಇಂದಿನ ಕಿಟ್‌ಬ್ಯಾಷಿಂಗ್‌ನ ಬೇರುಗಳನ್ನು ಗುರುತಿಸಬಹುದು. ಕತ್ತರಿ, ಅಂಟು, ಬಣ್ಣಗಳು ಆಮೇಲೆ ಸೇರಿಕೊಂಡ ಸಲಕರಣೆಗಳಷ್ಟೆ.

ನಿಯಮಗಳ ಪುಸ್ತಕ

ಸ್ಯಾಂಡ್‌ಗೇಟ್‌ನಲ್ಲಿ ಮೊಳೆತ ಆಟ ಮನೆ ಬದಲಾದಂತೆ ತಿದ್ದುಪಡಿ ಕಾಣುತ್ತ ಹೋಗಿ, 1913ರಲ್ಲಿ ಫ್ರಾಂಕ್ ಪಾಮರ್ ಪ್ರಕಾಶನದ ಮೂಲಕ ‘ಲಿಟಲ್ ವಾರ್ಸ್’ ಆಗಿ ಹೊರಬಂತು. 12ರಿಂದ 150 ವರ್ಷದವರೆಗಿನ ಹುಡುಗರಿಗೂ, ಹುಡುಗರ ಆಟಗಳನ್ನು ಮೆಚ್ಚುವ ಜಾಣ ಹುಡುಗಿಯರಿಗೂ ಈ ಆಟ ಎಂದು ಅದರ ಉದ್ದನೆಯ ಉಪಶೀರ್ಷಿಕೆ ಸಾರುತ್ತಿತ್ತು. ಹುಡುಗಿಯರ ಬಗೆಗಿನ ಆ ಧಾಟಿ ಇಂದಿನ ಓದುಗರಿಗೆ ಇರಿಸುಮುರಿಸು ತರಿಸುವಂಥದ್ದು.

ನಿಯಮಗಳು ಹೀಗಿದ್ದವು. ಆಟದ ಆರಂಭದಲ್ಲಿ ಮೈದಾನದ ನಡುವೆ ಪರದೆ ಎಳೆಯಲಾಗುತ್ತದೆ. ಎದುರಾಳಿಗೆ ಕಾಣದಂತೆ ಇಬ್ಬರೂ ತಮ್ಮ ಸೇನೆಯನ್ನು ಅಣಿಗೊಳಿಸುತ್ತಾರೆ. ಪರದೆ ಸರಿದ ಮೇಲೆ ಸರದಿಯಂತೆ ಆಟ. ಕಾಲಾಳು ಒಂದು ಸರದಿಯಲ್ಲಿ ಒಂದು ಅಡಿ, ಕುದುರೆ ಸವಾರ ಎರಡು ಅಡಿ ಚಲಿಸಬಹುದು. ಫಿರಂಗಿ ಗುಂಡು ಹಾರಿಸಬೇಕಾದರೆ ಅದರ ಆರು ಅಂಗುಲದೊಳಗೆ ಕನಿಷ್ಠ ನಾಲ್ವರು ಸೈನಿಕರು ಇರಬೇಕು. ಪ್ರತಿ 30 ಸೈನಿಕರಿಗೆ ಒಂದು ನಿಮಿಷ, ಪ್ರತಿ ಫಿರಂಗಿಗೆ ಮತ್ತೊಂದು ನಿಮಿಷ ಎಂಬ ಲೆಕ್ಕದಲ್ಲಿ ಸರದಿಗೆ ಕಾಲಮಿತಿಯಿದ್ದುದರಿಂದ ಆಟಗಾರ ಅವಸರದಲ್ಲೇ ನಿರ್ಧರಿಸಬೇಕಿತ್ತು.

ಫಿರಂಗಿಯಿಂದ ಸತ್ತವರು ನಿಜವಾಗಿಯೂ ಮರದ ಗುಂಡು ತಗುಲಿ ಉರುಳಿದವರು. ಕೈಕೈ ಹೋರಾಟದಲ್ಲಿ ಮೊದಮೊದಲು ನಾಣ್ಯ ಚಿಮ್ಮಿ ಸೋಲು ಗೆಲುವು ನಿರ್ಧರಿಸುತ್ತಿದ್ದರು. ಅದೃಷ್ಟದ ಪಾತ್ರ ಹೆಚ್ಚಾಯಿತೆನಿಸಿದಾಗ ಅದನ್ನು ಕೈಬಿಟ್ಟು, ಸಮಬಲದವರು ಒಬ್ಬರಿಗೊಬ್ಬರಂತೆ ಸಾಯುವ, ಒಂಟಿಯಾಗಿ ಸಿಕ್ಕಿಬಿದ್ದ ತುಕಡಿ ಸೆರೆಯಾಗುವ ನಿಯಮ ತಂದರು. ದಾಳದ ಪ್ರವೇಶವೇ ಇಲ್ಲದ ಈ ಆಟದಲ್ಲಿ ಸೋತವರು ಹಣೆಬರಹವನ್ನು ಹಳಿಯುವಂತಿರಲಿಲ್ಲ. ವೆಲ್ಸ್ ನೆಲದ ಮೇಲೆ ಕುಳಿತು ದಾರದಿಂದ ದೂರ ಅಳೆಯುತ್ತಿರುವ ಚಿತ್ರವನ್ನು 1913ರಲ್ಲಿ ‘ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್’ ಪತ್ರಿಕೆ ಪ್ರಕಟಿಸಿತು.

ಪುಸ್ತಕದ ಅನುಬಂಧದಲ್ಲಿ ವೆಲ್ಸ್ ಸೇನೆಯ ಕ್ರೀಗ್‌ಸ್ಪೀಲ್ ಅನ್ನು ನೀರಸವೆಂದು ಟೀಕಿಸಿ, ತಮ್ಮ ಆಟವನ್ನು ಅಧಿಕಾರಿಗಳ ತರಬೇತಿಗೂ ಹೊಂದಿಸುವ ಬಗೆಯನ್ನು ಚರ್ಚಿಸಿದ್ದಾರೆ. ಅದರಲ್ಲಿ ಬರುವ ಒಂದು ಹೆಸರು ಕರ್ನಲ್ ಮಾರ್ಕ್ ಸೈಕ್ಸ್ ಅವರದು. ಮೂರು ವರ್ಷಗಳ ನಂತರ, 1916ರಲ್ಲಿ, ಒಟ್ಟೋಮನ್ ಸಾಮ್ರಾಜ್ಯದ ಅರಬ್ ಭೂಭಾಗಗಳನ್ನು ಬ್ರಿಟನ್ ಮತ್ತು ಫ್ರಾನ್ಸ್ ನಡುವೆ ನಕಾಶೆಯ ಮೇಲೆ ಹಂಚಿದ ಸೈಕ್ಸ್ ಪಿಕೊ ಒಪ್ಪಂದದ ಸೈಕ್ಸ್ ಇವರೇ.

ಮುರಿದುಬಿದ್ದ ನಂಬಿಕೆ

ಆಟದ ಪುಸ್ತಕಕ್ಕೆ ವೆಲ್ಸ್ ಕೊಟ್ಟ ಮುಕ್ತಾಯ ಯುದ್ಧದ ವಿರುದ್ಧ ವಾದವಾಗಿತ್ತು. ಮಹಾಯುದ್ಧ ಎಂಬುದು ಈ ಪುಟ್ಟ ಆಟಕ್ಕಿಂತ ಎಷ್ಟು ದುಬಾರಿ, ಎಷ್ಟು ಅಸ್ತವ್ಯಸ್ತ, ಅದರಲ್ಲಿ ಒಡೆದ ದೇಹಗಳನ್ನು ಮತ್ತೆ ಪೆಟ್ಟಿಗೆಗೆ ತುಂಬಲಾಗದು ಎಂಬುದನ್ನು ಮೂರು ನಾಲ್ಕು ಬಾರಿ ಆಡಿದವರೇ ಅರಿತುಕೊಳ್ಳುತ್ತಾರೆ ಎಂಬುದು ಅವರ ನಂಬಿಕೆ. ಯುದ್ಧೋನ್ಮಾದದ ರಾಜರನ್ನೂ ದೇಶಭಕ್ತಿಯ ಗದ್ದಲ ಎಬ್ಬಿಸುವವರನ್ನೂ ಒಂದು ದೊಡ್ಡ ಕೋಣೆಯಲ್ಲಿ ಕೂಡಿಹಾಕಿ, ಬೇಕಾದಷ್ಟು ಸೀಸದ ಸೈನಿಕರನ್ನು ಕೊಟ್ಟು, ಉಳಿದ ಜನರನ್ನು ನೆಮ್ಮದಿಯಿಂದ ಬಾಳಲು ಬಿಡಬೇಕೆಂದು ಅವರು ಸೂಚಿಸಿದ್ದರು.

1914ರ ಆಗಸ್ಟ್‌ನಲ್ಲಿ ಯುದ್ಧ ಶುರುವಾಯಿತು. ವಾರಗಳು ಕಳೆಯುವಷ್ಟರಲ್ಲಿ ವೆಲ್ಸ್ ಜರ್ಮನಿಯ ಸೇನಾಶಾಹಿಯ ನಾಶಕ್ಕೆ ಕರೆಕೊಡುವ ಲೇಖನಗಳನ್ನು ಬರೆದರು. ಇದು ಯುದ್ಧಗಳಿಗೇ ಅಂತ್ಯಹಾಡುವ ಯುದ್ಧ ಎಂಬ ಅರ್ಥದ ಶೀರ್ಷಿಕೆಯಡಿ ಅದೇ ವರ್ಷ ಅವು ಪುಸ್ತಕವಾದವು. ಆ ಶೀರ್ಷಿಕೆ ಜನರ ಬಾಯಲ್ಲಿ ನುಡಿಗಟ್ಟಾಗಿ, ಮುಂದೆ ವ್ಯಂಗ್ಯದ ಮಾತಾಗಿ ಉಳಿಯಿತು. ಕೋಣೆಯಲ್ಲಿ ಕೂಡಿಹಾಕಬೇಕಾದವರ ಪಟ್ಟಿಯಲ್ಲಿ ಇಂಥ ಲೇಖಕನೂ ಸೇರಬೇಕಲ್ಲವೇ ಎಂಬ ಪ್ರಶ್ನೆಯಿಂದ ಅವರ ಅಭಿಮಾನಿಗಳೂ ತಪ್ಪಿಸಿಕೊಳ್ಳಲಾರರು.

ಯುದ್ಧ ಮುಂದುವರಿದಂತೆ ಉತ್ಸಾಹ ಇಳಿಯಿತು. 1916ರಲ್ಲಿ ಅವರು ಫ್ರಾನ್ಸ್ ಮತ್ತು ಇಟಲಿಯ ರಣರಂಗಗಳನ್ನು ಕಂಡುಬಂದರು. ಅದೇ ವರ್ಷ ಬಂದ ‘ಮಿಸ್ಟರ್ ಬ್ರಿಟ್ಲಿಂಗ್ ಸೀಸ್ ಇಟ್ ಥ್ರೂ’ ಕಾದಂಬರಿಯಲ್ಲಿ, ಯುದ್ಧವನ್ನು ಬೆಂಬಲಿಸಿದ ಲೇಖಕನೊಬ್ಬ ಆ ಯುದ್ಧಕ್ಕೇ ಮಗನನ್ನು ಕಳೆದುಕೊಳ್ಳುತ್ತಾನೆ. ವೆಲ್ಸ್ ಅವರ ಮಕ್ಕಳು ಚಿಕ್ಕವರಾಗಿದ್ದರಿಂದ ಕಂದಕಗಳಿಗೆ ಹೋಗಬೇಕಾಗಲಿಲ್ಲ. ಆದರೆ ಪುಟಗಳಲ್ಲಿ ತುಂಬಿದ ತಂದೆಯ ದುಃಖ ಬ್ರಿಟನ್ನಿನ ಸಾವಿರಾರು ಮನೆಗಳ ದುಃಖವಾಗಿತ್ತು. 1918ರಲ್ಲಿ ಸರ್ಕಾರದ ಪ್ರಚಾರ ವಿಭಾಗದಲ್ಲಿ ಕೆಲಕಾಲ ದುಡಿದ ವೆಲ್ಸ್ ಭಿನ್ನಾಭಿಪ್ರಾಯದಿಂದ ಹೊರಬಂದರು. ಮುಂದಿನ ಬದುಕನ್ನೆಲ್ಲ ವಿಶ್ವ ಸರ್ಕಾರ, ಜಾಗತಿಕ ಇತಿಹಾಸ, ಮಾನವ ಹಕ್ಕುಗಳ ಪ್ರತಿಪಾದನೆಗೆ ಮೀಸಲಿಟ್ಟರು.

ಆಟಿಕೆಯಿಂದ ಚಿಕಿತ್ಸೆಯವರೆಗೆ

ವೆಲ್ಸ್ ನಿರೀಕ್ಷಿಸದ ಕಡೆಯೊಂದರಲ್ಲಿ ಅವರ ನೆಲದಾಟ ಫಲಕೊಟ್ಟಿತು. ಮೊದಲ ಮಹಾಯುದ್ಧದ ನಂತರ ಪೋಲೆಂಡಿನಲ್ಲಿ ನಿರಾಶ್ರಿತರ ನಡುವೆ ಕೆಲಸ ಮಾಡಿದ್ದ ವೈದ್ಯೆ ಮಾರ್ಗರೆಟ್ ಲೊವೆನ್‌ಫೆಲ್ಡ್ 1928ರಲ್ಲಿ ಲಂಡನ್ನಿನಲ್ಲಿ ಮಕ್ಕಳ ಚಿಕಿತ್ಸಾಲಯ ತೆರೆದರು. ನೊಂದ ಮಕ್ಕಳು ಮಾತಿನಲ್ಲಿ ಹೇಳಲಾಗದ್ದನ್ನು ಹೇಗೆ ಹೊರಗೆಡಹಬಲ್ಲರು ಎಂದು ಯೋಚಿಸುತ್ತಿದ್ದಾಗ, ತಾವು ಹಿಂದೆ ಓದಿದ್ದ ‘ಫ್ಲೋರ್ ಗೇಮ್ಸ್’ ಅವರಿಗೆ ನೆನಪಾಯಿತು. ಪುಟ್ಟ ಮನುಷ್ಯರು, ಪ್ರಾಣಿಗಳು, ಮನೆಗಳು, ಜೊತೆಗೆ ಮರಳಿನ ತಟ್ಟೆ ಇಟ್ಟುಕೊಟ್ಟರೆ ಮಕ್ಕಳು ತಮ್ಮೊಳಗಿನ ಲೋಕವನ್ನೇ ಕಟ್ಟಿ ತೋರಿಸಿದರು. ಇಂದು ಹಲವು ದೇಶಗಳ ಚಿಕಿತ್ಸಕರು ಬಳಸುವ ಮರಳಾಟದ ಪದ್ಧತಿ ಇದರಿಂದಲೇ ಬೆಳೆದುಬಂದದ್ದು.

1936ರಲ್ಲಿ ವೆಲ್ಸ್ ಅವರೇ ಚಿತ್ರಕಥೆ ಬರೆದ ‘ಥಿಂಗ್ಸ್ ಟು ಕಮ್’ ಸಿನಿಮಾ ತೆರೆಕಂಡಿತು. ಅಲೆಕ್ಸಾಂಡರ್ ಕೋರ್ಡಾ ನಿರ್ಮಿಸಿದ ಆ ಚಿತ್ರದಲ್ಲಿ 1940ರಲ್ಲಿ ಯುದ್ಧ ಸಿಡಿದು, ವೈಮಾನಿಕ ದಾಳಿಗೆ ನಗರ ಕುಸಿಯುತ್ತದೆ. ಭವಿಷ್ಯದ ನಗರವನ್ನು ತೆರೆಯ ಮೇಲೆ ತಂದದ್ದು ನೆಡ್ ಮ್ಯಾನ್ ನೇತೃತ್ವದ ತಂಡ ರಚಿಸಿದ ಚಿಕ್ಕ ಮಾದರಿಗಳು. ಮೂರೇ ವರ್ಷಗಳಲ್ಲಿ ಎರಡನೇ ಮಹಾಯುದ್ಧ ಆರಂಭವಾಯಿತು, 1940ರಲ್ಲಿ ಲಂಡನ್ ಮೇಲೆ ಬಾಂಬುಗಳು ಬಿದ್ದವು. ವೆಲ್ಸ್ ಊರು ಬಿಡಲಿಲ್ಲ.

1914ರಲ್ಲೇ ಪ್ರಕಟವಾದ ‘ದಿ ವರ್ಲ್ಡ್ ಸೆಟ್ ಫ್ರೀ’ ಕಾದಂಬರಿಯಲ್ಲಿ ಅವರು ಅಣುಬಾಂಬನ್ನು ಹೆಸರಿಟ್ಟು ಕಲ್ಪಿಸಿದ್ದರು. 1932ರಲ್ಲಿ ಅದನ್ನು ಓದಿದ್ದ ಭೌತವಿಜ್ಞಾನಿ ಲಿಯೊ ಸಿಲಾರ್ಡ್ ಅವರಿಗೆ ಮರುವರ್ಷ ಸರಪಳಿ ಕ್ರಿಯೆಯ ಆಲೋಚನೆ ಹೊಳೆಯಿತು. 1945ರ ಆಗಸ್ಟ್‌ನಲ್ಲಿ ಹಿರೋಷಿಮಾ ಸುಟ್ಟುಹೋದ ಸುದ್ದಿಯನ್ನು ವೆಲ್ಸ್ ಬದುಕಿದ್ದಾಗಲೇ ಕೇಳಬೇಕಾಯಿತು. 1946ರ ಆಗಸ್ಟ್ 13ರಂದು, 79ನೇ ವಯಸ್ಸಿನಲ್ಲಿ, ಲಂಡನ್ನಿನ ಹ್ಯಾನೋವರ್ ಟೆರೇಸ್‌ನ ಮನೆಯಲ್ಲಿ ಅವರು ಕೊನೆಯುಸಿರೆಳೆದರು. ಚಿತಾಭಸ್ಮವನ್ನು ಸಮುದ್ರದಲ್ಲಿ ವಿಸರ್ಜಿಸಲಾಯಿತು.

ಆಟ ಉಳಿಯಿತು

ಅವರ ನಿಯಮಗಳನ್ನು ಮುಂದಿನ ತಲೆಮಾರು ಕೈಬಿಡಲಿಲ್ಲ. ಬ್ರಿಟನ್ನಿನ ಡೊನಾಲ್ಡ್ ಫೆದರ್‌ಸ್ಟೋನ್ 1962ರಲ್ಲಿ ಬರೆದ ‘ವಾರ್ ಗೇಮ್ಸ್’ ಪುಸ್ತಕ ಹವ್ಯಾಸವನ್ನು ಮತ್ತೆ ಜನಪ್ರಿಯಗೊಳಿಸಿತು. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಸೀಸದ ಸೈನಿಕರ ಆಟದಿಂದಲೇ ಹೊರಟು, 1974ರಲ್ಲಿ ಡೇವ್ ಆರ್ನೆಸನ್ ಜೊತೆಗೂಡಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ರೂಪಿಸಿದರು. 2004ರಲ್ಲಿ ‘ಲಿಟಲ್ ವಾರ್ಸ್’ ಮರುಮುದ್ರಣಗೊಂಡಾಗ ಮುನ್ನುಡಿ ಬರೆದವರೂ ಅವರೇ.

ವೆಲ್ಸ್ ಬೇರೆಬೇರೆಯಾಗಿ ಬೆಳೆಸಿದ ವಿಜ್ಞಾನ ಕಥೆ ಮತ್ತು ಆಟಿಕೆ ಯುದ್ಧ ಒಂದೇ ಮೇಜಿನ ಮೇಲೆ ದೊಡ್ಡ ಪ್ರಮಾಣದಲ್ಲಿ ಕೂಡಿದ್ದು 1987ರಲ್ಲಿ, ಬ್ರಿಟನ್ನಿನ ಗೇಮ್ಸ್ ವರ್ಕ್‌ಷಾಪ್ ಕಂಪನಿ ‘ವಾರ್‌ಹ್ಯಾಮರ್ 40,000’ ಬಿಡುಗಡೆ ಮಾಡಿದಾಗ. ಆರಂಭದಲ್ಲಿ ಆ ಆಟಕ್ಕೆ ಬೇಕಾದ ವಾಹನಗಳೆಲ್ಲ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಖಾಲಿಯಾದ ಡಿಯೋಡರೆಂಟ್ ಡಬ್ಬಿಯಿಂದ ತೇಲುವ ಟ್ಯಾಂಕ್ ಮಾಡುವ ವಿಧಾನವನ್ನು ಕಂಪನಿಯ ಪತ್ರಿಕೆಯೇ ಕಲಿಸಿತು. ಮಾರುಕಟ್ಟೆಯ ಕಿಟ್‌ಗಳ ಚೂರುಗಳನ್ನು ಅಂಟಿಸಿ 1977ರ ‘ಸ್ಟಾರ್ ವಾರ್ಸ್’ ಸಿನಿಮಾದ ಆಕಾಶನೌಕೆಗಳನ್ನು ರೂಪಿಸಿದ ಕುಶಲಕರ್ಮಿಗಳ ದಾರಿಯೂ ಇದೇ ಆಗಿತ್ತು.

ಯುದ್ಧವನ್ನು ಆಟವಾಗಿಸಿದರೆ ಯುದ್ಧದ ಹಂಬಲ ತಣಿಯುತ್ತದೆಯೇ ಎಂಬ ಪ್ರಶ್ನೆಗೆ ವೆಲ್ಸ್ ಅವರ ಸ್ವಂತ ಬದುಕೇ ಸಮಾಧಾನದ ಉತ್ತರ ಕೊಡಲಿಲ್ಲ. ಅವರೊಡನೆ ನೆಲದ ಮೇಲೆ ನಗರ ಕಟ್ಟಿದ ಹಿರಿಯ ಮಗ ಜಾರ್ಜ್ ಫಿಲಿಪ್ ಮುಂದೆ ಪ್ರಾಣಿವಿಜ್ಞಾನಿಯಾಗಿ ಹೆಸರು ಗಳಿಸಿದರು. ಕಿರಿಯವ ಫ್ರಾಂಕ್ ಸಿನಿಮಾ ರಂಗ ಸೇರಿದರು. ಇಬ್ಬರೂ ಸೈನಿಕ ವೃತ್ತಿಯನ್ನು ಆರಿಸಿಕೊಳ್ಳಲಿಲ್ಲ.